ಫೈಲ್ ಓದುವಾಗ ಪ್ರೋಗ್ರಾಂ ಬೀಳುತ್ತಿದೆಯಾ? ಪಾರ್ಸಿಂಗ್ ಲೈಬ್ರರಿಯ ಮೆಮೊರಿ ದೋಷ ಹುಡುಕುವ ಕೈಪಿಡಿ

ಬೆಂಗಳೂರಿನ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳ ಬಿಲ್ ಫೋಟೊ ತೆಗೆದುಕೊಂಡು ಲೆಕ್ಕಕ್ಕೆ ಏರಿಸುವ ಸಣ್ಣ ಸೇವೆಯೊಂದನ್ನು ನಾನು ನೋಡಿಕೊಳ್ಳುತ್ತೇನೆ. ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಅಂಗಡಿಯ ಹುಡುಗನೊಬ್ಬ ಫೋನ್ ಮಾಡಿದ. "ಅಣ್ಣಾ, ಫೋಟೊ ಹಾಕಿದ್ರೆ ಸುತ್ತುತ್ತಾನೇ ಇದೆ. ಅಂಗಡಿ ತೆಗೆದಾಗಿಂದ ಹತ್ತು ಸಲ ಹಾಕಿದೀನಿ."

ಸರ್ವರ್ ನೋಡಿದೆ. ಫೋಟೊ ಓದುವ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಬೀಳುತ್ತಿತ್ತು, ತಾನೇ ಏಳುತ್ತಿತ್ತು, ಕ್ಯೂನಲ್ಲಿದ್ದ ಅದೇ ಮೊದಲ ಫೋಟೊ ಎತ್ತಿಕೊಂಡು ಮತ್ತೆ ಬೀಳುತ್ತಿತ್ತು. ಹಿಂದೆ ನಿಂತ ಫೋಟೊಗಳೆಲ್ಲ ಹಾಗೇ ಕಾಯುತ್ತಿದ್ದವು. ನಾವು ಆ ಒಂದು ಫೋಟೊ ಅಳಿಸಿದೆವು. "ಫೈಲ್ ಕೆಟ್ಟಿತ್ತು" ಅಂತ ಬರೆದು ಟಿಕೆಟ್ ಮುಚ್ಚಿದೆವು. ಎರಡು ವಾರಕ್ಕೆ ಅದೇ ಕಥೆ ಮತ್ತೆ ಬಂತು.

ಅಳಿಸಿದ್ದು ದೊಡ್ಡ ತಪ್ಪು. ಫೈಲ್ ಕೆಟ್ಟಿದ್ದರೆ ಅದನ್ನು ಓದಿ ಬಿಡಿಸುವ, ಅಂದರೆ ಪಾರ್ಸ್ ಮಾಡುವ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) "ಇದು ಸರಿಯಿಲ್ಲ" ಎಂದು ಎರರ್ ಕೊಟ್ಟು ಸುಮ್ಮನಾಗಬೇಕು. ಬೀಳಬಾರದು. ಬಿದ್ದಿದೆ ಅಂದರೆ ದೋಷ ಲೈಬ್ರರಿಯಲ್ಲಿದೆ, ಫೈಲ್ ಅದಕ್ಕೆ ಸಾಕ್ಷಿ. ಇವತ್ತು ಆಕಸ್ಮಿಕವಾಗಿ ಬೀಳಿಸಿದ ಅದೇ ಜಾಗವನ್ನು ನಾಳೆ ಯಾರಾದರೂ ಬೇಕೆಂದೇ ಬಳಸಬಹುದು.

ಸಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಲೈಬ್ರರಿಗಳಲ್ಲಿ ಇದು ಯಾಕೆ ಜಾಸ್ತಿ? ಪಾತ್ರೆ ಎಷ್ಟು ದೊಡ್ಡದು ಅಂತ ಆ ಭಾಷೆಗಳು ತಾವಾಗಿ ನೋಡುವುದಿಲ್ಲ. ಪಾವಿಗೆ ಸೇರು ಅಕ್ಕಿ ಸುರಿದರೂ ತಡೆಯುವವರಿಲ್ಲ. ಚೆಲ್ಲಿದ ಅಕ್ಕಿ ಪಕ್ಕದ ಪಾತ್ರೆಗೆ ಬೀಳುತ್ತದೆ, ಆ ಪಾತ್ರೆಯಲ್ಲಿ ನಿಮ್ಮ ಪ್ರೋಗ್ರಾಂನ ಇನ್ನೇನೋ ಇರುತ್ತದೆ. ತನ್ನ ಉತ್ಪನ್ನಗಳಲ್ಲಿ ಪ್ರತಿ ವರ್ಷ ಸರಿಪಡಿಸುವ ಭದ್ರತಾ ದೋಷಗಳಲ್ಲಿ ಸುಮಾರು 70% ಮೆಮೊರಿಗೆ ಸಂಬಂಧಪಟ್ಟವು ಎಂದು ಮೈಕ್ರೋಸಾಫ್ಟ್ 2019ರಲ್ಲಿ ಹೇಳಿತ್ತು.

ಕೈ ಹಾಕುವ ಮೊದಲು

ಬೀಳಿಸಿದ ಫೈಲನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ತಂದು ಡಬಲ್ ಕ್ಲಿಕ್ ಮಾಡಬೇಡಿ. ಫೋಲ್ಡರ್ ತೆರೆಯುವುದೂ ಬೇಡ. ಫೋಲ್ಡರ್‌ನಲ್ಲಿ ಪುಟ್ಟ ಚಿತ್ರ ತೋರಿಸಲು ಕಂಪ್ಯೂಟರ್ ಆ ಫೈಲನ್ನು ಓದಲೇಬೇಕು, ಅಷ್ಟೇ ಸಾಕು. 2015ರಲ್ಲಿ ಆಂಡ್ರಾಯ್ಡ್‌ನ ಸ್ಟೇಜ್‌ಫ್ರೈಟ್ ದೋಷ ಹೊರಬಂದಾಗ ಜನ ಬೆಚ್ಚಿದ್ದು ಇದಕ್ಕೇ. ಎಂಎಂಎಸ್‌ನಲ್ಲಿ ಬಂದ ವಿಡಿಯೊವನ್ನು ಯಾರೂ ತೆರೆಯಬೇಕಿರಲಿಲ್ಲ, ಫೋನೇ ಮುಂಚಿತವಾಗಿ ಓದಿಬಿಡುತ್ತಿತ್ತು.

ಫೈಲನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ವೈರಸ್ ಪರೀಕ್ಷಿಸುವ ಸಾರ್ವಜನಿಕ ತಾಣಕ್ಕೂ ಏರಿಸಬೇಡಿ. ಅದು ಗ್ರಾಹಕರ ಬಿಲ್, ಅಲ್ವಾ? ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲಿ ಒಂದು ಪ್ರತಿ ಎತ್ತಿಡಿ. ಪರೀಕ್ಷೆಗೆ ನೆಟ್‌ವರ್ಕ್ ಇಲ್ಲದ, ಬಿಸಾಡಿದರೂ ನಷ್ಟವಿಲ್ಲದ ವರ್ಚುವಲ್ ಯಂತ್ರ (ಕಂಪ್ಯೂಟರ್‌ನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಳ್ಳಿ.

ಪ್ರೋಗ್ರಾಂ ಬಿದ್ದಾಗ ಸಿಸ್ಟಂ ಬರೆದಿಡುವ ಕೋರ್ ಡಂಪ್ ಎಂಬ ಫೈಲ್ ಬಗ್ಗೆಯೂ ಜಾಗ್ರತೆ. ಬಿದ್ದ ಕ್ಷಣದಲ್ಲಿ ಪ್ರೋಗ್ರಾಂನ ಮೆಮೊರಿಯಲ್ಲಿ ಏನಿತ್ತೋ ಎಲ್ಲ ಅದರಲ್ಲಿರುತ್ತದೆ: ಡೇಟಾಬೇಸ್ ಪಾಸ್‌ವರ್ಡ್, ಬೇರೆ ಗ್ರಾಹಕರ ಫೋಟೊ, ಕೀಗಳು.

ಲಕ್ಷಣ 1: ವರ್ಕರ್ ಬೀಳುತ್ತದೆ, ಲಾಗ್‌ನಲ್ಲಿ ಎರರ್ ಸಾಲು ಒಂದೂ ಇಲ್ಲ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ನಿಂತಾಗ ಬಿಟ್ಟುಹೋಗುವ ಅಂಕಿ ನೋಡುವುದು. ಎರಡು ನಿಮಿಷದ ಕೆಲಸ. ಲಿನಕ್ಸ್‌ನಲ್ಲಿ 128ಕ್ಕೆ ಸಿಗ್ನಲ್ (ಪ್ರೋಗ್ರಾಂ ನಿಲ್ಲಲು ಕಾರಣವಾದ ಸೂಚನೆ) ಸಂಖ್ಯೆ ಕೂಡಿದ ಅಂಕಿ ಬರುತ್ತದೆ.

137 ಬಂದಿದ್ದರೆ ಯಾರೋ ಹೊರಗಿನಿಂದ ಕೊಂದಿದ್ದಾರೆ. ಹೆಚ್ಚಾಗಿ ಮೆಮೊರಿ ಮಿತಿ ದಾಟಿದ್ದಕ್ಕೆ ಕರ್ನಲ್ (ಲಿನಕ್ಸ್‌ನ ಒಳತಿರುಳು) ಕೊಂದಿರುತ್ತದೆ. ಸಣ್ಣ ಫೈಲ್ ಬಿಚ್ಚಿದರೆ ನೂರಾರು ಪಟ್ಟು ಉಬ್ಬುವ ಚಿತ್ರ ಇರಬಹುದು. ಅದಕ್ಕೆ ಅಗಲ, ಎತ್ತರದ ಮಿತಿ ಹಾಕಿದರೆ ಸಾಕು. ಈ ಕೈಪಿಡಿಯ ಉಳಿದ ಭಾಗ ನಿಮಗೆ ಬೇಕಿಲ್ಲ.

139 ಅಂದರೆ ಸೆಗ್‌ಫಾಲ್ಟ್: ತನ್ನದಲ್ಲದ ಮೆಮೊರಿಗೆ ಪ್ರೋಗ್ರಾಂ ಕೈ ಚಾಚಿತು. 134 ಅಂದರೆ ಅಬಾರ್ಟ್: ಏನೋ ಹದಗೆಟ್ಟಿದೆ ಎಂದು ಪ್ರೋಗ್ರಾಂ ತಾನೇ ಗಮನಿಸಿ ನಿಂತಿತು. ಪೈಥಾನ್‌ನಿಂದ ಇನ್ನೊಂದು ಪ್ರೊಸೆಸ್ ಓಡಿಸುತ್ತಿದ್ದರೆ ಇವೇ -11 ಮತ್ತು -6 ಎಂದು ಕಾಣುತ್ತವೆ. ಈ ಎರಡರಲ್ಲಿ ಒಂದು ಬಂದರೆ ಮುಂದೆ ಓದಿ.

ಎರರ್ ಸಾಲು ಯಾಕಿಲ್ಲ ಅಂತ ನಮ್ಮ ಹುಡುಗಿಯೊಬ್ಬಳು ಕೇಳಿದ್ದಳು. "ಟ್ರೈ-ಎಕ್ಸೆಪ್ಟ್ ಹಾಕಿದೀನಲ್ಲ ಸಾರ್, ಯಾಕೆ ಹಿಡಿಯಲಿಲ್ಲ?" ಟ್ರೈ-ಎಕ್ಸೆಪ್ಟ್ ಅಂದರೆ ಪೈಥಾನ್ ಭಾಷೆಯಲ್ಲಿ ಎರರ್ ಹಿಡಿಯುವ ಬಲೆ. ಹಿಡಿಯುವುದಕ್ಕೆ ಪೈಥಾನ್ ಬದುಕಿರಬೇಕು. ಸೆಗ್‌ಫಾಲ್ಟ್ ಆದಾಗ ಒಳಗಿನ ಸಿ ಲೈಬ್ರರಿಯ ಜೊತೆಗೆ ಪೈಥಾನೂ ಹೋಗುತ್ತದೆ. ಪೈಥಾನ್ 3.3ರಿಂದ ಫಾಲ್ಟ್‌ಹ್ಯಾಂಡ್ಲರ್ ಎಂಬ ಮಾಡ್ಯೂಲ್ ಇದೆ. ಅದನ್ನು ಚಾಲೂ ಮಾಡಿಟ್ಟರೆ ಬೀಳುವ ಮುನ್ನ ಯಾವ ಸಾಲಿನಲ್ಲಿತ್ತು ಎಂದು ಬರೆದು ಹೋಗುತ್ತದೆ. ಇದು ಯಾವ ಸರ್ವರ್‌ನಲ್ಲೂ ಇರಲಿ ಅನ್ನುವುದು ನನ್ನ ಸಲಹೆ.

ಆಮೇಲೆ ಕರ್ನಲ್ ಲಾಗ್ ನೋಡಿ. ಸೆಗ್‌ಫಾಲ್ಟ್ ಸಾಲಿನ ಕೊನೆಯಲ್ಲಿ ಯಾವ ಲೈಬ್ರರಿಯೊಳಗೆ ಬಿತ್ತು ಎಂಬ ಹೆಸರು ಸಿಗುತ್ತದೆ, ಪಕ್ಕದಲ್ಲಿ ಎರರ್ ಸಂಖ್ಯೆ ಇರುತ್ತದೆ. ಇಂಟೆಲ್ ಮತ್ತು ಎಎಂಡಿ ಯಂತ್ರಗಳಲ್ಲಿ ಎರರ್ 4 ಅಂದರೆ ಇಲ್ಲದ ಜಾಗದಿಂದ ಓದಲು ಹೋಗಿತ್ತು. ಎರರ್ 6 ಅಂದರೆ ಇಲ್ಲದ ಜಾಗಕ್ಕೆ ಬರೆಯಲು ಹೋಗಿತ್ತು. ಬರೆಯುವುದು ಹೆಚ್ಚು ಅಪಾಯ. 6 ಕಂಡರೆ ಇದನ್ನು ಭದ್ರತಾ ದೋಷ ಎಂದೇ ಹಿಡಿದು ಮುಂದುವರಿಯಿರಿ.

ಇಷ್ಟು ಮಾಡುವಾಗಲೇ ಕ್ಯೂ ಬಿಡಿಸಿ. ಒಂದೇ ಫೈಲ್ ಮೂರು ಸಲ ಬೀಳಿಸಿದರೆ ಅದನ್ನು ಬೇರೆ ಫೋಲ್ಡರ್‌ಗೆ ಸರಿಸುವ ನಿಯಮ ಹಾಕಿ. ಸರಿಸಿ, ಅಳಿಸಬೇಡಿ.

ಲಕ್ಷಣ 2: ಒಂದು ನಿರ್ದಿಷ್ಟ ಫೈಲ್ ಬಂದಾಗ ಮಾತ್ರ ಬೀಳುತ್ತದೆ

ಒಂದು ರೀತಿಯಲ್ಲಿ ಇದು ಒಳ್ಳೆಯ ಸುದ್ದಿ. ದೋಷ ಕೈಗೆ ಸಿಗುತ್ತದೆ.

ಮೊದಲ ಅನುಮಾನ ಫೈಲ್ ಹೆಸರಿನ ಮೇಲೆ ಹೋಗುತ್ತದೆ, ಅದರಲ್ಲೂ ಹೆಸರು ಕನ್ನಡದಲ್ಲಿದ್ದರೆ. ನಾವೂ ಅರ್ಧ ದಿನ ಅದರ ಹಿಂದೆ ಹೋದೆವು. ಹೆಸರು ಬದಲಿಸಿ ಮತ್ತೆ ಓಡಿಸಿ ನೋಡಿ, ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮದರಲ್ಲಿ ಹೆಸರಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಮುಂದಿನದು ಫೈಲ್ ಪೂರ್ತಿ ಇದೆಯಾ ಎಂದು ನೋಡುವುದು. ನಮ್ಮದು ಪಿಎನ್‌ಜಿ ಚಿತ್ರ. ಪೂರ್ತಿ ಇರುವ ಪಿಎನ್‌ಜಿ ಐಇಎನ್‌ಡಿ ಎಂಬ ತುಂಡಿನಿಂದ ಮುಗಿಯಬೇಕು. ಹೆಕ್ಸ್ (ಪ್ರತಿ ಬೈಟನ್ನು 16ರ ಲೆಕ್ಕದ ಎರಡು ಅಂಕಿಯಾಗಿ) ತೋರಿಸುವ ಯಾವುದೇ ಸಾಧನದಲ್ಲಿ ಕೊನೆಯ ಸಾಲು ನೋಡಿದರೆ ಬಲಗಡೆ ಆ ನಾಲ್ಕು ಅಕ್ಷರ ಕಾಣುತ್ತವೆ. ನಮ್ಮ ಫೈಲ್‌ನಲ್ಲಿ ಕಾಣಲಿಲ್ಲ.

ಮೇಲಕ್ಕೆ ಹೋಗಿ ಕೊನೆಯ ಡೇಟಾ ತುಂಡು ಹುಡುಕಿದೆ. ಪಿಎನ್‌ಜಿಯಲ್ಲಿ ಚಿತ್ರದ ಡೇಟಾ ಇರುವ ತುಂಡಿನ ಗುರುತು 49 44 41 54. ಅದರ ಹಿಂದಿನ ನಾಲ್ಕು ಬೈಟ್ ಆ ತುಂಡಿನ ಉದ್ದ. ಅಲ್ಲಿದ್ದದ್ದು 00 00 20 00, ಅಂದರೆ 8192. "ನನ್ನಲ್ಲಿ 8192 ಬೈಟ್ ಇದೆ" ಎಂದು ತುಂಡು ಹೇಳಿಕೊಂಡಿತ್ತು. ಗುರುತಾದ ಮೇಲೆ ಫೈಲ್ ಮುಗಿಯುವವರೆಗೆ ಎಣಿಸಿದೆ: 3011 ಬೈಟ್. ನಾವು ಬಳಸುತ್ತಿದ್ದ ಹಳೆಯ ಸಿ ಲೈಬ್ರರಿ ಆ ಮಾತನ್ನು ನಂಬಿತು. ಉಳಿದ 5181 ಬೈಟ್ ಓದಲು ತನ್ನ ಜಾಗ ದಾಟಿ ಪಕ್ಕದ ಮೆಮೊರಿಗೆ ಹೋಯಿತು.

ಫೈಲ್ ತುಂಡಾಗಿದ್ದು ಹೇಗೆ? ಹುಡುಗನನ್ನೇ ಕೇಳಿದೆ. "ಅಂಗಡಿ ಮುಚ್ಚಿ ಹೊರಡುವಾಗ ಕಳಿಸ್ತೀನಿ ಅಣ್ಣಾ, ಮೆಟ್ರೋ ಮೆಟ್ಟಿಲು ಇಳೀತಾ." ಚಿಕ್ಕಪೇಟೆ ಸ್ಟೇಷನ್ ನೆಲದಡಿಯಲ್ಲಿದೆ. ಅಲ್ಲಿ ಅವನ ಫೋನಿಗೆ ಸಿಗ್ನಲ್ ಹೋಗುತ್ತಿತ್ತು. ನಮ್ಮ ಆಪ್ ಫೋಟೊವನ್ನು ಭಾಗ ಮಾಡಿ ಕಳಿಸುತ್ತಿತ್ತು, ಕೊನೆಯ ಭಾಗ ಬರದಿದ್ದರೂ ಸರ್ವರ್ ಇದ್ದಷ್ಟನ್ನು ಜೋಡಿಸಿ ಕ್ಯೂಗೆ ಹಾಕುತ್ತಿತ್ತು. ತಪ್ಪು ಎರಡು ಕಡೆ ಇತ್ತು. ಅಪ್‌ಲೋಡ್ ಸರಿಪಡಿಸಿದ್ದರೆ ಬೀಳುವುದು ನಿಲ್ಲುತ್ತಿತ್ತು, ನಿಜ. ಆದರೆ ಲೈಬ್ರರಿಯ ತೂತು ಹಾಗೇ ಉಳಿಯುತ್ತಿತ್ತು. ಸುಳ್ಳು ಉದ್ದ ಬರೆದ ಫೈಲನ್ನು ಯಾರು ಬೇಕಾದರೂ ಕೈಯಾರೆ ಮಾಡಬಹುದು.

ಫೈಲ್ ಪೂರ್ತಿ ಇದ್ದೂ ಬೀಳಿಸುತ್ತಿದ್ದರೆ ತಲೆಭಾಗ ನೋಡಿ. ಪಿಎನ್‌ಜಿಯಲ್ಲಿ ಮೊದಲ 16 ಬೈಟ್ ಬಿಟ್ಟು ಮುಂದಿನ ನಾಲ್ಕು ಬೈಟ್ ಅಗಲ, ಆಮೇಲಿನ ನಾಲ್ಕು ಎತ್ತರ. ಅಲ್ಲಿ 00 00 80 01 ಮತ್ತು 00 00 80 00 ಇದೆ ಅಂದುಕೊಳ್ಳಿ. ಅಗಲ 32769, ಎತ್ತರ 32768. ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ ಗುಣಿಸಿದರೆ 4 ಜಿಬಿ ದಾಟುತ್ತದೆ. ಲೈಬ್ರರಿ ಈ ಲೆಕ್ಕವನ್ನು 32 ಬಿಟ್ ಸಂಖ್ಯೆಯಲ್ಲಿ ಮಾಡಿದರೆ ಮೇಲಿನ ಅಂಕಿ ಬಿದ್ದುಹೋಗಿ 1,31,072 ಮಾತ್ರ ಉಳಿಯುತ್ತದೆ. ಅಂದರೆ 128 ಕೆಬಿ ಜಾಗ ತೆಗೆದುಕೊಂಡು ಅದಕ್ಕೆ 4 ಜಿಬಿ ಚಿತ್ರ ಸುರಿಯಲು ಶುರುಮಾಡುತ್ತದೆ. ಪಾವಿಗೆ ಸೇರು ಅಂದೆನಲ್ಲ, ಇಲ್ಲಿ ಕಣಜವನ್ನೇ ಸುರಿಯುತ್ತದೆ. ಇದಕ್ಕೆ ಇಂಟಿಜರ್ ಓವರ್‌ಫ್ಲೋ ಎನ್ನುತ್ತಾರೆ. ಬಿಲ್ ಫೋಟೊಗೆ ಈ ಅಳತೆ ಬರುವುದು ಸಹಜವಲ್ಲ. ಕಂಡರೆ ಯಾರೋ ಬೇಕೆಂದೇ ಕಳಿಸಿದ್ದಾರೆಯೇ ಎಂದು ಯೋಚಿಸಿ, ಕಳಿಸಿದ ಖಾತೆಯ ಬೇರೆ ಅಪ್‌ಲೋಡ್‌ಗಳನ್ನೂ ತೆಗೆದಿಡಿ.

ಚಿತ್ರ ಮಾತ್ರ ಅಂದುಕೊಳ್ಳಬೇಡಿ. ಫಾಂಟ್ ಕೂಡ ಪಾರ್ಸ್ ಆಗುವ ಫೈಲೇ. ಕನ್ನಡ ಪಿಡಿಎಫ್‌ಗಳಲ್ಲಿ ಫಾಂಟ್ ಒಳಗೇ ಸೇರಿ ಬರುವುದು ಸಾಮಾನ್ಯ. ಫ್ರೀಟೈಪ್ ಲೈಬ್ರರಿಯಲ್ಲಿ 2020ರಲ್ಲಿ ಸಿಕ್ಕ ಸಿವಿಇ-2020-15999 ಇಂಥದ್ದೇ (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ಸಾರ್ವಜನಿಕ ಸಂಖ್ಯೆ). ಫಾಂಟ್‌ನೊಳಗಿನ ಪಿಎನ್‌ಜಿಯ ಅಳತೆಯನ್ನು 16 ಬಿಟ್‌ಗೆ ಕತ್ತರಿಸಿ ಜಾಗ ತೆಗೆದುಕೊಳ್ಳುತ್ತಿತ್ತು, ಚಿತ್ರ ಬಿಚ್ಚುವಾಗ ಪೂರ್ತಿ ಅಳತೆ ಬಳಸುತ್ತಿತ್ತು. 2.10.4ರಲ್ಲಿ ಸರಿಹೋಯಿತು.

ಲಕ್ಷಣ 3: ಒಮ್ಮೊಮ್ಮೆ ಬೀಳುತ್ತದೆ, ಪ್ರತಿ ಸಲ ಬೇರೆ ಜಾಗದಲ್ಲಿ

ಇದೇ ತಲೆ ತಿನ್ನುವುದು. ನಮ್ಮ ಫೈಲ್ ಕೂಡ ಸರ್ವರ್‌ನಲ್ಲಿ ಬೀಳಿಸುತ್ತಿತ್ತು, ಪರೀಕ್ಷಾ ಯಂತ್ರದಲ್ಲಿ ಬರೀ ಎರರ್ ಕೊಡುತ್ತಿತ್ತು. ಪಕ್ಕದ ಮೆಮೊರಿ ಪ್ರೋಗ್ರಾಂನದೇ ಆಗಿದ್ದರೆ ಓದಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ಏನೂ ಇಲ್ಲದಿದ್ದರೆ ಬೀಳುತ್ತದೆ. ಬೀಳದಿರುವುದು ಸರಿಯಿದೆ ಅನ್ನುವುದಕ್ಕೆ ಗುರುತಲ್ಲ.

ಲಾಗ್‌ನಲ್ಲಿ "ಡಬಲ್ ಫ್ರೀ ಆರ್ ಕರಪ್ಷನ್", "ಫ್ರೀ: ಇನ್‌ವ್ಯಾಲಿಡ್ ಪಾಯಿಂಟರ್" ಎಂಬಂಥ ಸಾಲು ಇದ್ದರೆ ಮೆಮೊರಿಯ ಲೆಕ್ಕಪುಸ್ತಕವೇ ಹಾಳಾಗಿದೆ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಬಿದ್ದ ಜಾಗ ಬೇರೆ, ಹಾಳು ಮಾಡಿದ ಜಾಗ ಬೇರೆ. ಚಿತ್ರದ ಲೈಬ್ರರಿ ಹಾಳು ಮಾಡಿರುತ್ತದೆ, ಎಷ್ಟೋ ಹೊತ್ತಿನ ಮೇಲೆ ಡೇಟಾಬೇಸ್ ಕೋಡ್ ಬೀಳುತ್ತದೆ. "ಸ್ಟ್ಯಾಕ್ ಸ್ಮ್ಯಾಶಿಂಗ್ ಡಿಟೆಕ್ಟೆಡ್" ಎಂದು ಬಂದರೆ ಮಾತ್ರ ದೋಷ ಬಿದ್ದ ಫಂಕ್ಷನ್‌ನ (ಕೋಡ್ ತುಂಡಿನ) ಹತ್ತಿರದಲ್ಲೇ ಇರುತ್ತದೆ.

ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟುವ ದೋಷವೂ ಹೀಗೇ ಆಡುತ್ತದೆ. ಬಾಡಿಗೆ ಮನೆ ಖಾಲಿ ಮಾಡಿದ ಮೇಲೆ ಹಳೇ ಕೀ ಹಾಕಿ ಒಳಗೆ ಹೋದಂತೆ. ಮನೆ ಖಾಲಿ ಇದ್ದರೆ ಏನೂ ಆಗುವುದಿಲ್ಲ, ಹೊಸ ಬಾಡಿಗೆಯವರು ಬಂದಿದ್ದರೆ ರಂಪ.

ಮೊದಲು ಮೆಮೊರಿ ತಪ್ಪು ಹಿಡಿಯುವ ವಾಲ್‌ಗ್ರಿಂಡ್ ಎಂಬ ಸಾಧನ ಹಾಕಿ. ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಬೇಕಿಲ್ಲ. ತುಂಬಾ ನಿಧಾನ, ಆದರೆ ಒಂದು ಫೈಲ್‌ಗೆ ಪರವಾಗಿಲ್ಲ. ಲೈಬ್ರರಿಯ ಮೂಲ ಕೋಡ್ ಇದ್ದರೆ ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡಿ. ಜಿಸಿಸಿ, ಕ್ಲ್ಯಾಂಗ್ ಎರಡೂ ಕಂಪೈಲರ್‌ಗಳಲ್ಲಿ ಇದೆ, ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಷ್ಟೇ. ಪ್ರತಿ ಪಾತ್ರೆಯ ಸುತ್ತ ಅದು ಬೇಲಿ ಹಾಕುತ್ತದೆ. ಒಂದು ಬೈಟ್ ದಾಟಿದರೂ ಅಲ್ಲೇ ನಿಲ್ಲಿಸಿ ಯಾವ ಸಾಲು ದಾಟಿತು, ಆ ಜಾಗ ಯಾವ ಸಾಲಿನಲ್ಲಿ ತೆಗೆದುಕೊಂಡದ್ದು, ಓದಿದ್ದೋ ಬರೆದದ್ದೋ ಎಲ್ಲ ಹೇಳುತ್ತದೆ. ಪರೀಕ್ಷಾ ಯಂತ್ರದಲ್ಲಿ ಸುಮ್ಮನಿದ್ದ ನಮ್ಮ ಫೈಲ್ ಇದನ್ನು ಹಾಕಿದ ಮೇಲೆ ಪ್ರತಿ ಸಲ ಸಿಕ್ಕಿಬಿತ್ತು. ಎರಡು ದಿನ ಹುಡುಕಿದ್ದು ಹತ್ತು ನಿಮಿಷದಲ್ಲಿ ಸಿಕ್ಕಿತು. ಆದರೆ ಇದು ಪರೀಕ್ಷೆಯ ಸಾಧನ. ಗ್ರಾಹಕರು ಬಳಸುವ ಸರ್ವರ್‌ಗೆ ಹಾಕಬೇಡಿ.

ಯಾವ ಫೈಲ್‌ಗೂ ಸಂಬಂಧವಿಲ್ಲದೆ, ಒಂದೇ ಯಂತ್ರದಲ್ಲಿ ಬೇರೆ ಬೇರೆ ಪ್ರೋಗ್ರಾಂಗಳು ಬೀಳುತ್ತಿದ್ದರೆ ರ‍್ಯಾಮ್ ಪರೀಕ್ಷಿಸಿ. ಮೆಮ್‌ಟೆಸ್ಟ್ ಒಂದು ರಾತ್ರಿ ಓಡಿಸಿದರೆ ಸಾಕು.

ಲಕ್ಷಣ 4: ಬೀಳುವುದೇ ಇಲ್ಲ, ಆದರೆ ಬೇರೆಯವರ ಮಾಹಿತಿ ಕಾಣುತ್ತಿದೆ

ಒಬ್ಬರ ಫೋಟೊದ ಅಂಚಿನಲ್ಲಿ ಇನ್ನೊಬ್ಬರ ಬಿಲ್‌ನ ಚೂರು. ಉತ್ತರದ ಕೊನೆಯಲ್ಲಿ ಅರ್ಥವಿಲ್ಲದ ಅಕ್ಷರ, ನಡುವೆ ಯಾರದೋ ಇಮೇಲ್. ಇಂಥದ್ದು ಕಂಡರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಆ ಸೇವೆಯನ್ನು ಈಗಲೇ ನಿಲ್ಲಿಸಿ.

2014ರ ಏಪ್ರಿಲ್‌ನಲ್ಲಿ ಹೊರಬಂದ ಹಾರ್ಟ್‌ಬ್ಲೀಡ್ ಇದೇ ಜಾತಿಯದು. ಇಂಟರ್ನೆಟ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಚಿಕ್ಕ ಸಂದೇಶ ಕಳಿಸಿ "ಇದರ ಉದ್ದ 64 ಕೆಬಿ" ಎಂದು ಸುಳ್ಳು ಹೇಳಿದರೆ, ಅದು ನಂಬಿ ತನ್ನ ಮೆಮೊರಿಯಿಂದ ಅಷ್ಟನ್ನೂ ತುಂಬಿ ವಾಪಸ್ ಕಳಿಸುತ್ತಿತ್ತು. ನಮ್ಮ ಪಿಎನ್‌ಜಿ ಹೇಳಿದ 8192ರ ಸುಳ್ಳಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. 2017ರ ಫೆಬ್ರವರಿಯಲ್ಲಿ ಕ್ಲೌಡ್‌ಫ್ಲೇರ್‌ನ ಎಚ್‌ಟಿಎಂಎಲ್ ಪಾರ್ಸರ್‌ನಲ್ಲೂ ಇದೇ ಆಯಿತು. ಕೊನೆ ಬಂತಾ ಎಂದು ನೋಡುವಾಗ "ಸಮ ಅಥವಾ ಹೆಚ್ಚು" ಎಂದು ಕೇಳುವ ಬದಲು ಬರೀ "ಸಮ" ಎಂದು ಕೇಳುತ್ತಿತ್ತು. ಒಂದು ಹೆಜ್ಜೆ ದಾಟಿದರೆ ಸಮವಾಗುವುದೇ ಇಲ್ಲ, ಓದುತ್ತಾ ಹೋಗುತ್ತದೆ. ಸೋರಿದ ಮಾಹಿತಿ ಸರ್ಚ್ ಎಂಜಿನ್‌ಗಳ ಸಂಗ್ರಹಕ್ಕೂ ಸೇರಿತ್ತು.

ನಿಲ್ಲಿಸಿದ ಮೇಲೆ ಆ ಪ್ರೊಸೆಸ್‌ನ ಮೆಮೊರಿಯಲ್ಲಿ ಇದ್ದಿರಬಹುದಾದ ಪಾಸ್‌ವರ್ಡ್, ಕೀ, ಟೋಕನ್ ಎಲ್ಲ ಬದಲಿಸಿ. ಕ್ಯಾಶ್ ಖಾಲಿ ಮಾಡಿ.

ಲಕ್ಷಣ 5: ಅಪ್‌ಡೇಟ್ ಮಾಡಿದ್ದೇವೆ, ಆದರೂ ಹಾಗೇ ಇದೆ

ಬಹುಪಾಲು ಸಲ ಹಳೆಯ ಪ್ರತಿ ಇನ್ನೂ ಓಡುತ್ತಿರುತ್ತದೆ.

ಸರ್ವಿಸ್ ರೀಸ್ಟಾರ್ಟ್ ಆಗದಿದ್ದರೆ ಡಿಸ್ಕ್‌ನಲ್ಲಿ ಹೊಸ ಲೈಬ್ರರಿ, ಮೆಮೊರಿಯಲ್ಲಿ ಹಳೆಯದು. ಪ್ರೊಸೆಸ್‌ನ ಮೆಮೊರಿ ನಕ್ಷೆಯಲ್ಲಿ ಲೈಬ್ರರಿ ಹೆಸರಿನ ಮುಂದೆ "ಡಿಲೀಟೆಡ್" ಎಂದಿದ್ದರೆ ಅದೇ ಕಾರಣ. ಉಬುಂಟುನಲ್ಲಿ ನೀಡ್‌ರೀಸ್ಟಾರ್ಟ್ ಎಂಬ ಸಾಧನ ಇದನ್ನು ತಾನೇ ಹೇಳುತ್ತದೆ. ಕಂಟೇನರ್ ಆಗಿದ್ದರೆ ಇಮೇಜನ್ನೇ ಹೊಸದಾಗಿ ಕಟ್ಟಬೇಕು.

ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಬಗೆಯ ಚಿತ್ರ ಓದುವ ಲಿಬ್‌ವೆಬ್‌ಪಿ ಲೈಬ್ರರಿಯ ಸಿವಿಇ-2023-4863 ಹೊರಬಂತು. ಚಿತ್ರ ಬಿಚ್ಚಲು ಬೇಕಾದ ಹಫ್‌ಮನ್ ಕೋಷ್ಟಕ ಕಟ್ಟುವಾಗ ಜಾಗ ಮೀರಿ ಬರೆಯುವ ದೋಷ, 1.3.2ರಲ್ಲಿ ಸರಿಯಾಯಿತು. ಸಿಸ್ಟಂನಲ್ಲಿ ಅದನ್ನು ಹಾಕಿ ನೆಮ್ಮದಿಯಾಗಿದ್ದವರ ಪೈಥಾನ್ ಪ್ರೋಗ್ರಾಂಗಳು ಹಳೆಯದನ್ನೇ ಬಳಸುತ್ತಿದ್ದವು. ಪೈಥಾನ್‌ನ ಪಿಪ್ ಸಾಧನದ ಮೂಲಕ ಹಾಕಿದ ಪಿಲ್ಲೊ ಎಂಬ ಚಿತ್ರದ ಲೈಬ್ರರಿ ತನ್ನದೇ ಲಿಬ್‌ವೆಬ್‌ಪಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತದೆ, ಪಿಲ್ಲೊ 10.0.1 ಹಾಕಿದ ಮೇಲೆಯೇ ಅದು ಬದಲಾಗುವುದು. ಎಲೆಕ್ಟ್ರಾನ್‌ನಲ್ಲಿ ಕಟ್ಟಿದ ಡೆಸ್ಕ್‌ಟಾಪ್ ಆಪ್‌ಗಳದ್ದೂ ಇದೇ ಪಾಡು, ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಅಪ್‌ಡೇಟ್ ಮಾಡಬೇಕು. ಒಂದು ಯಂತ್ರದಲ್ಲಿ ಲಿಬ್‌ವೆಬ್‌ಪಿ ಹೆಸರಿನ ಫೈಲ್ ಹುಡುಕಿ ನೋಡಿ, ಎಷ್ಟು ಪ್ರತಿ ಸಿಗುತ್ತವೆ ಅಂತ. ಒಳಗೇ ಬೆಸೆದು ಕಟ್ಟಿದ್ದು ಹಾಗೆ ಹುಡುಕಿದರೂ ಸಿಗುವುದಿಲ್ಲ ಅನ್ನುವುದು ನೆನಪಿರಲಿ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ಡಿಬಗರ್‌ನಲ್ಲಿ ಬಿದ್ದ ವಿಳಾಸ ನೋಡಿ. ಆ ವಿಳಾಸದ ಅಂಕಿಗಳೇ ಫೈಲ್‌ನೊಳಗೆ ಬೈಟ್ ಆಗಿ ಸಿಕ್ಕಿದರೆ, ಫೈಲ್ ಬರೆದವರು ನಿಮ್ಮ ಪ್ರೋಗ್ರಾಂ ಎಲ್ಲಿಗೆ ಹೋಗಬೇಕು ಎಂದು ನಿರ್ಧರಿಸುತ್ತಿದ್ದಾರೆ. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಯಂತ್ರವನ್ನು ನೆಟ್‌ವರ್ಕ್‌ನಿಂದ ಬಿಡಿಸಿ, ಆಫ್ ಮಾಡಬೇಡಿ, ಭದ್ರತೆ ಬಲ್ಲವರನ್ನು ಕರೆಯಿರಿ. ವರ್ಕರ್ ಬಿದ್ದ ಹೊತ್ತಿನಲ್ಲೇ ಗುರುತಿಲ್ಲದ ಪ್ರೊಸೆಸ್ ಅಥವಾ ಹೊರಗಿನ ಸಂಪರ್ಕ ಶುರುವಾಗಿದ್ದರೂ ಇದೇ ಮಾಡಿ.

ದಾಳಿ ಅಥವಾ ಸೋರಿಕೆ ಆಗಿದೆ ಎಂದು ಕಂಡರೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್ 28ರ ಅದರ ನಿರ್ದೇಶನದ ಪ್ರಕಾರ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನದ ಲಾಗ್ ಇಟ್ಟಿರಬೇಕು. ಸಣ್ಣ ಕಂಪನಿ, ನಮಗ್ಯಾಕೆ ಅನ್ನಬೇಡಿ.

ಲೈಬ್ರರಿ ಬರೆದವರಿಗೆ ತಿಳಿಸುವಾಗ ಎಲ್ಲರಿಗೂ ಕಾಣುವ ಜಾಗದಲ್ಲಿ ಫೈಲ್ ಹಾಕಬೇಡಿ. ಪ್ರಾಜೆಕ್ಟ್‌ನ ಭದ್ರತಾ ವಿಳಾಸಕ್ಕೆ ಖಾಸಗಿಯಾಗಿ ಬರೆಯಿರಿ. ಗ್ರಾಹಕರ ಚಿತ್ರ ಕಳಿಸಬೇಡಿ, ಅದೇ ದೋಷ ತೋರಿಸುವ ಖಾಲಿ ಚಿತ್ರ ಮಾಡಿ ಕಳಿಸಿ. ಅವರಲ್ಲಿ ಎಷ್ಟೋ ಜನ ರಾತ್ರಿ ಹೊತ್ತು ಬಿಡುವಿನಲ್ಲಿ ಸಂಬಳವಿಲ್ಲದೆ ದುಡಿಯುವವರು. ಸ್ಯಾನಿಟೈಜರ್ ವರದಿ, ಆವೃತ್ತಿ, ಫೈಲ್ ಮೂರನ್ನೂ ಒಟ್ಟಿಗೆ ಕೊಟ್ಟರೆ ಅವರ ಅರ್ಧ ಕೆಲಸ ಮುಗಿಯುತ್ತದೆ.

ಪ್ಯಾಚ್ ಬರುವವರೆಗೆ

ಫೈಲ್ ಓದುವ ಕೆಲಸವನ್ನು ಬೇರೆ ಪ್ರೊಸೆಸ್‌ಗೆ ತಳ್ಳಿ. ಅದಕ್ಕೆ ನೆಟ್‌ವರ್ಕ್ ಬೇಡ, ಡೇಟಾಬೇಸ್ ಪಾಸ್‌ವರ್ಡ್ ಬೇಡ, ಮೆಮೊರಿಗೆ ಮಿತಿ ಇರಲಿ. ಬಿದ್ದರೂ ಕೈಗೆ ಸಿಗುವುದು ಒಂದು ಫೋಟೊ ಮಾತ್ರ. ನಿಮಗೆ ಬೇಕಾದ ಎರಡು ಮೂರು ಬಗೆಯ ಫೈಲ್ ಬಿಟ್ಟು ಉಳಿದದ್ದನ್ನು ಬಾಗಿಲಲ್ಲೇ ನಿಲ್ಲಿಸಿ. ಎಕ್ಸ್‌ಟೆನ್ಷನ್ ನಂಬಬೇಡಿ, ಮೊದಲ ಬೈಟ್‌ಗಳನ್ನು ನೋಡಿ. ಅಗಲ, ಎತ್ತರಕ್ಕೆ ಮಿತಿ ಹಾಕಿ. ಹೊಸದಾಗಿ ಬರೆಯುವ ಅವಕಾಶ ಇದ್ದರೆ ರಸ್ಟ್‌ನಂಥ ಭಾಷೆಯಲ್ಲಿ ಬರೆದ ಲೈಬ್ರರಿ ಆರಿಸಿಕೊಳ್ಳಿ. ಅಲ್ಲಿ ಸುಳ್ಳು ಉದ್ದ ಬಂದರೆ ಪಕ್ಕದ ಮೆಮೊರಿ ಓದುವ ಬದಲು ಪ್ರೋಗ್ರಾಂ ಅಲ್ಲೇ ತಡೆಯುತ್ತದೆ.

ನಾವು ಆ ಹಳೆಯ ಲೈಬ್ರರಿಯನ್ನು ತೆಗೆದೇ ಹಾಕಿದೆವು. ಅಪ್‌ಲೋಡ್ ಮುಗಿದಾಗ ಆಪ್ ಹೇಳಿದ ಗಾತ್ರವೂ ಸರ್ವರ್‌ಗೆ ಬಂದ ಗಾತ್ರವೂ ಒಂದೇ ಆಗಿದ್ದರೆ ಮಾತ್ರ ಫೋಟೊ ಕ್ಯೂಗೆ ಹೋಗುತ್ತದೆ, ಇಲ್ಲದಿದ್ದರೆ ಹುಡುಗನ ಫೋನಿನಲ್ಲಿ "ಮತ್ತೆ ಕಳಿಸಿ" ಎಂದು ಬರುತ್ತದೆ. ಬಿಲ್‌ನ ಅಕ್ಷರ ಅಳಿಸಿ ಅದೇ ಜಾಗದಲ್ಲಿ ಕತ್ತರಿಸಿದ ಚಿತ್ರವೊಂದನ್ನು "ಚಿಕ್ಕಪೇಟೆ-3011" ಎಂಬ ಹೆಸರಿನಲ್ಲಿ ಟೆಸ್ಟ್ ಫೋಲ್ಡರ್‌ನಲ್ಲಿ ಇಟ್ಟಿದ್ದೇವೆ. ಪ್ರತಿ ಬಿಲ್ಡ್‌ಗೆ ಅದು ಓಡುತ್ತದೆ, ಸ್ಯಾನಿಟೈಜರ್ ಹಾಕಿಯೇ.